ಮಂಡಿಯ ಮೇಲಿನ ಹಕ್ಕಳೆ: ಮಗಳಿಗೊಂದು ಪತ್ರ

ಪ್ರೀತಿಯ ಕಂದ,

ನಿನ್ನೆ ರಾತ್ರಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, 'ಪ್ರಶ್ನೆ ಕೇಳಮ್ಮಾ' ಎಂದು ಎದುರಿಗೆ ಕುಳಿತೆ. ಜೀರ್ಣಾಂಗ ವ್ಯೂಹ, ಉಸಿರಾಟದ ವ್ಯೂಹ, ರಕ್ತ ಪರಿಚಲನೆ, ನರವ್ಯೂಹ, ವಿಸರ್ಜನೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಒಂದು ತಪ್ಪೂ ಇರಲಿಲ್ಲ. ಕೊನೆಗೆ ನಾನು, 'ಹೃದಯ ಎಲ್ಲಿದೆ, ತೋರಿಸು' ಎಂದೆ. ನೀನು ತಟ್ಟನೆ ಬಗ್ಗಿ ಪುಸ್ತಕದ ಚಿತ್ರದ ಮೇಲೆ ಬೆರಳಿಟ್ಟೆ.

ನೀನು ಮಲಗಿದ ಮೇಲೂ ಆ ಬೆರಳು ನನ್ನ ಕಣ್ಣ ಮುಂದೆಯೇ ಇತ್ತು. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ, ನಾನೂ ಹಾಗೆಯೇ ಕಲಿತವಳು. ದೇಹದ ಪಾಠವನ್ನು ನಾವು ದೊಡ್ಡವರು ಮಕ್ಕಳಿಗೆ ಬೇರೆ ಯಾರದೋ ದೇಹದ ಪಾಠವೆಂಬಂತೆ ಹೇಳಿಕೊಡುತ್ತೇವೆ. ಚಿತ್ರಪಟದಲ್ಲಿ ಕೈ ಇಳಿಬಿಟ್ಟು ನಿಂತಿರುವ ಆ ಮನುಷ್ಯನಿಗೆ ಹಸಿವಿಲ್ಲ, ಬಾಯಾರಿಕೆಯಿಲ್ಲ, ಅವನು ಎಡವಿ ಬೀಳುವುದೂ ಇಲ್ಲ. ನೀನು ಬೀಳುತ್ತೀಯ. ಆದ್ದರಿಂದ ನೀನು ಬಿದ್ದ ಕಡೆಯಿಂದಲೇ ಶುರು ಮಾಡುತ್ತೇನೆ.

ಹೋದ ಭಾನುವಾರ ಸೈಕಲ್ಲಿನಿಂದ ಬಿದ್ದು ಮಂಡಿ ತರಚಿಕೊಂಡೆಯಲ್ಲ, ಆಗ ನಿನ್ನ ಎರಡು ಕೈಗಳೂ ಮುಂದಕ್ಕೆ ಚಾಚಿದವು. ಚಾಚಬೇಕೆಂದು ನೀನು ಯೋಚಿಸಲಿಲ್ಲ, ಅಷ್ಟು ಹೊತ್ತೇ ಇರಲಿಲ್ಲ. ಕಿವಿಯ ಒಳಗಡೆ ದ್ರವ ತುಂಬಿದ ಪುಟ್ಟ ಬಾಗುಗೊಳವೆಗಳಿವೆ. ತಲೆ ವಾಲಿತು ಎಂಬ ಸುದ್ದಿಯನ್ನು ಅವು ಮಿದುಳಿನ ಬುಡಕ್ಕೆ ಮುಟ್ಟಿಸಿದವು. ಅಲ್ಲಿಂದ ಬೆನ್ನುಹುರಿಯ ದಾರಿಯಾಗಿ ತೋಳಿನ ಸ್ನಾಯುಗಳಿಗೆ ಅಪ್ಪಣೆ ಹೋಯಿತು. ಅತಿವೇಗದ ನರಗಳಲ್ಲಿ ಸುದ್ದಿ ಸೆಕೆಂಡಿಗೆ 100 ಮೀಟರಿಗೂ ಹೆಚ್ಚು ದೂರ ಓಡುತ್ತದೆ. ಎಲ್ಲ ನರಗಳೂ ಹಾಗಲ್ಲ. ಮೊದಲು ಚುರ್ ಎಂದಿತು, ಸ್ವಲ್ಪ ತಡೆದು ಉರಿ ಹತ್ತಿತು ಎಂದು ನೀನೇ ಅಳುತ್ತಾ ಹೇಳಿದೆಯಲ್ಲ? ಚುರುಕನ್ನು ತಂದದ್ದು ವೇಗದ ನರ, ಉರಿಯನ್ನು ತಂದದ್ದು ನಡೆದುಕೊಂಡು ಬರುವಷ್ಟು ನಿಧಾನದ ನರ.

ಬಾಗಿಲಲ್ಲಿ ನಿಂತಿದ್ದ ನನಗೆ ಎದೆ ಧಸಕ್ಕೆಂದಿತು. ಈ ಮಾತನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ, ಆದರೆ ಒಳಗೆ ನಿಜವಾಗಿಯೂ ಏನೋ ನಡೆದಿರುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯ ಹಾಗೆ ಕುಳಿತಿರುವ ಎರಡು ಗ್ರಂಥಿಗಳಿವೆ. ಗಾಬರಿಯಾದ ಕ್ಷಣ ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ, ಕಾಲಿನ ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ನಿನ್ನ ಬಳಿಗೆ ನಾನು ಓಡಿ ಬಂದದ್ದು ಹಾಗೆ. ಬಿದ್ದವಳು ನೀನು, ಕೆಲಸ ಶುರುವಾದದ್ದು ಇಬ್ಬರ ಮೈಯಲ್ಲೂ.

ಆಮೇಲೆ ನೀನು ಕೇಳಿದ ಪ್ರಶ್ನೆ ಬಹಳ ಒಳ್ಳೆಯದು: 'ರಕ್ತ ತಾನಾಗಿಯೇ ಹೇಗೆ ನಿಂತಿತು?' ಆಗ ಗಾಯ ತೊಳೆಯುವ ಅವಸರದಲ್ಲಿ ಸರಿಯಾಗಿ ಉತ್ತರಿಸಲಿಲ್ಲ. ಈಗ ಹೇಳುತ್ತೇನೆ, ಮಂಡಿಯನ್ನು ನೋಡುತ್ತಾ ಓದು.

ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಚೂರುಗಳು ಸದಾ ತೇಲುತ್ತಿರುತ್ತವೆ. ರಕ್ತನಾಳ ಹರಿದ ಕೂಡಲೇ ಅವು ಆ ಹರಿದ ಅಂಚಿಗೆ ಬಂದು ಅಂಟಿಕೊಳ್ಳುತ್ತವೆ, ಒಂದರ ಮೇಲೊಂದು ಬಿದ್ದು ತೂತನ್ನು ಮುಚ್ಚಲು ನೋಡುತ್ತವೆ. ಅಷ್ಟರಲ್ಲಿ ರಕ್ತದಲ್ಲಿ ಕರಗಿದ್ದ ಒಂದು ವಸ್ತು ಫೈಬ್ರಿನ್ ಎಂಬ ಎಳೆಗಳಾಗಿ ಬದಲಾಗಿ ಬಲೆ ಹೆಣೆಯುತ್ತದೆ. ಕೆಂಪು ರಕ್ತಕಣಗಳು ಆ ಬಲೆಗೆ ಸಿಕ್ಕಿಬೀಳುತ್ತವೆ. ಈ ಗಡ್ಡೆಯೇ ಒಣಗಿದಾಗ ಹಕ್ಕಳೆ. ಮಾರನೆಯ ದಿನ ಗಾಯದ ಸುತ್ತ ಕೆಂಪಾಗಿ, ಮುಟ್ಟಿದರೆ ಬೆಚ್ಚಗಿತ್ತು, ನೆನಪಿದೆಯಾ? ಅಲ್ಲಿನ ಸಣ್ಣ ರಕ್ತನಾಳಗಳು ಅಗಲವಾಗಿ ಬಿಳಿ ರಕ್ತಕಣಗಳಿಗೆ ದಾರಿ ಬಿಟ್ಟಿದ್ದವು. ಅವು ಗಾಯಕ್ಕೆ ಹೊಕ್ಕ ರೋಗಾಣುಗಳನ್ನು ನುಂಗುತ್ತವೆ. ಈಗ ಹಕ್ಕಳೆಯ ಅಡಿಯಲ್ಲಿ, ಗಾಯದ ಅಂಚಿನಿಂದ ಹೊಸ ಚರ್ಮದ ಕೋಶಗಳು ನಡುವಿನ ಕಡೆಗೆ ತೆವಳುತ್ತಿವೆ. ನೀನು ಉಗುರಿನಿಂದ ಅದನ್ನು ಎಬ್ಬಿಸಿದಾಗಲೆಲ್ಲ ಆ ಎಳೆಯ ಚರ್ಮವೂ ಕಿತ್ತು ಬಂದು, ಅವು ಮತ್ತೆ ಮೊದಲಿನಿಂದ ಹೊರಡಬೇಕಾಗುತ್ತದೆ. ಇದಕ್ಕೇ ನಾನು ಗದರಿದ್ದು.

ಇಷ್ಟರಲ್ಲಿ ಎಷ್ಟು ವ್ಯೂಹಗಳು ಬಂದು ಹೋದವು ನೋಡು. ಪುಸ್ತಕದಲ್ಲಿ ಅವಕ್ಕೆ ಬೇರೆ ಬೇರೆ ಪುಟ, ಬೇರೆ ಬೇರೆ ಬಣ್ಣ. ಓದುವ ಅನುಕೂಲಕ್ಕೆ ಮನುಷ್ಯರು ಎಳೆದ ಗೆರೆಗಳು ಅವು. ಗಾಯ ಮಾಯಲು ನೀನು ಉಂಡ ಅನ್ನ ಬೇಕು, ಎಳೆದುಕೊಂಡ ಉಸಿರು ಬೇಕು, ಅವೆರಡನ್ನೂ ಮಂಡಿಯವರೆಗೆ ಹೊತ್ತು ತರುವ ರಕ್ತ ಬೇಕು. ಆ ರಕ್ತದ ಕೆಂಪು ಕಣಗಳು ಹುಟ್ಟುವುದು ಎಲ್ಲಿ ಗೊತ್ತೆ? ಮೂಳೆಯೊಳಗಿನ ಮಜ್ಜೆಯಲ್ಲಿ. ಮೂಳೆಯ ಕೆಲಸ 'ಆಧಾರ' ಎಂದು ಒಂದೇ ಪದದಲ್ಲಿ ಮುಗಿಸಿದೆಯಲ್ಲ, ಅದು ನನಗೆ ಸಾಲದು ಎನ್ನಿಸಿತು. ದೊಡ್ಡವರ ಮಜ್ಜೆಯಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳು ತಯಾರಾಗುತ್ತವೆ. ಒಂದೊಂದೂ ಸುಮಾರು 120 ದಿನ ಬದುಕುತ್ತದೆ.

ಮೂಳೆಯ ಮಾತು ಬಂತು, ಒಂದು ನೆನಪು ಹೇಳದೆ ಇರಲಾರೆ. ನೀನು ಎಳೆಗೂಸಾಗಿದ್ದಾಗ ನಿನ್ನ ನೆತ್ತಿಯಲ್ಲಿ ಒಂದು ಮೆತ್ತನೆಯ ಜಾಗವಿತ್ತು. ತಲೆಬುರುಡೆಯ ಮೂಳೆಗಳು ಇನ್ನೂ ಒಂದಕ್ಕೊಂದು ಕೂಡಿರಲಿಲ್ಲ. ಮಡಿಲಲ್ಲಿ ನಿದ್ದೆ ಹೋಗಿದ್ದಾಗ ಆ ಜಾಗ ಹೃದಯದ ಬಡಿತಕ್ಕೆ ಸರಿಯಾಗಿ ಮೆಲ್ಲಗೆ ಮಿಡಿಯುವುದನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ. ಹುಟ್ಟುವಾಗ ಮಗುವಿಗೆ ಸುಮಾರು 300 ಮೂಳೆಗಳಿರುತ್ತವೆ. ಬೆಳೆಯುತ್ತಾ ಕೆಲವು ಒಂದಾಗಿ, ದೊಡ್ಡವರಾಗುವ ಹೊತ್ತಿಗೆ 206 ಉಳಿಯುತ್ತವೆ. ಅಂದರೆ ಆ ಕೂಡಿಕೆ ನಿನ್ನಲ್ಲಿ ಇನ್ನೂ ಮುಗಿದಿಲ್ಲ.

ಇನ್ನು ಹೃದಯ. ಒಂದು ದಪ್ಪ ಕಾಗದವನ್ನು ಕೊಳವೆಯಂತೆ ಸುತ್ತಿ, ಒಂದು ತುದಿಯನ್ನು ಅಪ್ಪನ ಎದೆಗೆ, ನಡುವಿನಿಂದ ತುಸು ಎಡಕ್ಕೆ ಇಟ್ಟು ಇನ್ನೊಂದು ತುದಿಗೆ ಕಿವಿಗೊಡು. 1816ರಲ್ಲಿ ಫ್ರಾನ್ಸಿನ ವೈದ್ಯ ಲೇನೆಕ್ ರೋಗಿಯೊಬ್ಬರ ಎದೆಯ ಸದ್ದು ಕೇಳಲು ಮೊದಲು ಸುತ್ತಿದ್ದೂ ಕಾಗದವನ್ನೇ, ಸ್ಟೆತಾಸ್ಕೋಪು ಹುಟ್ಟಿದ್ದು ಹಾಗೆ. ನಿನಗೆ ಕೇಳುವ 'ಲಬ್ ಡಬ್' ಹೃದಯದ ಕವಾಟಗಳು ಮುಚ್ಚಿಕೊಳ್ಳುವ ಸದ್ದು. ಬಾಗಿಲು ತೆರೆಯುವಾಗ ಸದ್ದಿಲ್ಲ, ಮುಚ್ಚುವಾಗ ಮಾತ್ರ.

ಹೃದಯದಿಂದ ಹೊರಟ ರಕ್ತ ಮತ್ತೆ ಅಲ್ಲಿಗೇ ಮರಳುತ್ತದೆ ಎಂಬುದು ನಿನಗೆ ಒಂದು ಅಂಕದ ಉತ್ತರ. ಆದರೆ ಯೂರೋಪಿನ ವೈದ್ಯರು ಶತಮಾನಗಳ ಕಾಲ, ಯಕೃತ್ತು ಹೊಸ ರಕ್ತವನ್ನು ತಯಾರಿಸುತ್ತಲೇ ಇರುತ್ತದೆ, ಮೈ ಅದನ್ನು ಬಳಸಿ ಮುಗಿಸುತ್ತಿರುತ್ತದೆ ಎಂದೇ ನಂಬಿದ್ದರು. ಇಂಗ್ಲೆಂಡಿನ ವಿಲಿಯಂ ಹಾರ್ವೆ ಒಂದು ಸರಳ ಲೆಕ್ಕ ಹಾಕಿದ. ಒಂದು ಬಡಿತಕ್ಕೆ ಇಷ್ಟು ರಕ್ತವಾದರೆ ಅರ್ಧ ಗಂಟೆಗೆ ಎಷ್ಟು? ಮೈಯಲ್ಲಿರುವ ಒಟ್ಟು ರಕ್ತಕ್ಕಿಂತ ಹೆಚ್ಚು ಬಂತು! ಅಷ್ಟು ರಕ್ತ ಹೊಸದಾಗಿ ಹುಟ್ಟಲು ಸಾಧ್ಯವೇ ಇಲ್ಲ, ಇದ್ದದ್ದೇ ಸುತ್ತುತ್ತಿರಬೇಕು ಎಂದು 1628ರಲ್ಲಿ ಅವನು ಬರೆದ. ನೀನು ಬೇಸರಪಟ್ಟುಕೊಳ್ಳುವ ಗುಣಾಕಾರವೇ ಅವನಿಗೆ ದಾರಿ ತೋರಿಸಿದ್ದು. ಹೊರಗೆ ಹೋಗುವ ನಾಳಗಳಿಂದ ರಕ್ತ ಒಳಗೆ ಬರುವ ನಾಳಗಳಿಗೆ ದಾಟುವುದು ಹೇಗೆ ಎಂಬುದು ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. ಕೂದಲಿಗಿಂತ ತೆಳುವಾದ ಆ ನಾಳಗಳನ್ನು ಇಟಲಿಯ ಮಾಲ್ಪೀಗಿ 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕ ಹಿಡಿದು ನೋಡಿದ. ಆಗ ಹಾರ್ವೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕಾಣದ ನಾಳವನ್ನು ಬರೀ ಲೆಕ್ಕದಿಂದ ಇದೆ ಎಂದು ನಂಬಿ ಹೋದವನನ್ನು ನೆನೆದರೆ ನನಗೆ ಈಗಲೂ ಮೈ ನವಿರೇಳುತ್ತದೆ.

ಊಟದ ಮಾತು ಹೆಚ್ಚು ಬೇಡ, ನಿನಗೆ ಗೊತ್ತಿದೆ. ಒಂದು ಮಾತ್ರ: ನಗುತ್ತಾ ನೀರು ಕುಡಿದಾಗ ನೆತ್ತಿಗೆ ಹತ್ತಿತು ಎನ್ನುತ್ತೇವೆ, ಆದರೆ ನೀರು ಹೋಗುವುದು ನೆತ್ತಿಗಲ್ಲ. ಗಂಟಲಲ್ಲಿ ಅನ್ನದ ದಾರಿ, ಗಾಳಿಯ ದಾರಿ ಕವಲೊಡೆಯುತ್ತವೆ. ನುಂಗುವಾಗ ಗಾಳಿಯ ದಾರಿಗೆ ಪುಟ್ಟ ಮುಚ್ಚಳವೊಂದು ಬಾಗಿಕೊಳ್ಳುತ್ತದೆ. ನಗುವಾಗ ಆ ದಾರಿ ತೆರೆದಿರುತ್ತದೆ, ಹನಿ ಅಲ್ಲಿಗೆ ಇಳಿಯುತ್ತದೆ, ಕೆಮ್ಮು ಅದನ್ನು ಹೊರಗೆ ಹಾಕುತ್ತದೆ. ಮೂತ್ರಪಿಂಡಗಳ ಬಗ್ಗೆಯೂ ಒಂದೇ ಮಾತು: ದೊಡ್ಡವರಲ್ಲಿ ಅವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಹೆಚ್ಚುಕಡಿಮೆ ಅಷ್ಟನ್ನೂ ರಕ್ತಕ್ಕೆ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುತ್ತವೆ.

ನಿನ್ನ ಪುಸ್ತಕವನ್ನು ತಿರುವಿ ಹಾಕಿದಾಗ ಒಂದು ವ್ಯೂಹ ಅದರಲ್ಲಿ ಇಲ್ಲದಿರುವುದು ಕಂಡಿತು. ನನ್ನ ಶಾಲೆಯಲ್ಲಿ ಆ ಪುಟ ಇತ್ತು, ಆದರೆ 'ಅದನ್ನು ಮನೆಯಲ್ಲಿ ಓದಿಕೊಳ್ಳಿ' ಎಂದು ದಾಟಿಬಿಟ್ಟರು. ನಾವು ಹುಡುಗಿಯರೆಲ್ಲ ತಲೆ ತಗ್ಗಿಸಿ ಕುಳಿತಿದ್ದೆವು. ಮೊದಲ ಸಲ ಮುಟ್ಟಾದಾಗ ನನಗೇನೋ ದೊಡ್ಡ ಕಾಯಿಲೆ ಬಂದಿದೆಯೆಂದು ಎರಡು ದಿನ ಯಾರಿಗೂ ಹೇಳದೆ ಒಬ್ಬಳೇ ಹೆದರಿದ್ದೆ. ನಿನಗೆ ಹಾಗಾಗಲು ನಾನು ಬಿಡುವುದಿಲ್ಲ. ನಿನ್ನ ಹೊಟ್ಟೆಯ ಕೆಳಭಾಗದಲ್ಲಿ ಮುಷ್ಟಿಗಿಂತ ಚಿಕ್ಕದಾದ ಗರ್ಭಕೋಶವಿದೆ, ಅದರ ಎರಡು ಬದಿಗೆ ಅಂಡಾಶಯಗಳಿವೆ. ಕೆಲವು ವರ್ಷಗಳಲ್ಲಿ ಗರ್ಭಕೋಶ ತನ್ನ ಒಳಪದರವನ್ನು ತಿಂಗಳಿಗೊಮ್ಮೆ ದಪ್ಪವಾಗಿಸಿ, ಮಗುವಿಲ್ಲದಿದ್ದರೆ ಕಳಚಿ ಹಾಕಲು ಶುರು ಮಾಡುತ್ತದೆ. ಆ ರಕ್ತ ಗಾಯದ್ದಲ್ಲ, ಹೊಲಸೂ ಅಲ್ಲ. ಕೈಗೆ ಕೈ, ಕಣ್ಣಿಗೆ ಕಣ್ಣು ಎನ್ನುವ ಹಾಗೆ ಈ ಅಂಗಗಳಿಗೂ ಅವುಗಳ ಹೆಸರನ್ನೇ ಹೇಳು, ನಾಚಬೇಡ. ಅವು ನಿನ್ನವು. ಯಾರಾದರೂ ನಿನಗೆ ಇಷ್ಟವಿಲ್ಲದಂತೆ ಮುಟ್ಟಿದರೆ, ಅವರು ಯಾರೇ ಆಗಿರಲಿ, ಗುಟ್ಟಾಗಿಡು ಎಂದು ಹೇಳಿರಲಿ, ಆ ದಿನವೇ ನನಗೆ ಹೇಳು. ನಾನು ನಿನ್ನನ್ನು ಬಯ್ಯುವುದಿಲ್ಲ.

ಇನ್ನೊಂದು ವಿಷಯ. ಹೆಣ್ಣುಮಗು ಹುಟ್ಟುವ ಮೊದಲೇ ಅದರ ಅಂಡಾಶಯದಲ್ಲಿ ಅಂಡಾಣುಗಳು ರೂಪುಗೊಂಡಿರುತ್ತವೆ. ಹಾಗಾದರೆ ಲೆಕ್ಕ ಹಾಕು: ನೀನಾಗಿ ಬೆಳೆದ ಆ ಒಂದು ಅಂಡಾಣು ನನ್ನೊಳಗೆ ಮೂಡಿದ್ದು ನಾನು ಅಜ್ಜಿಯ ಹೊಟ್ಟೆಯಲ್ಲಿದ್ದಾಗ. ಮುಂದಿನ ಸಲ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟಾಗ ಇದನ್ನು ಅವರಿಗೂ ಹೇಳು, ಅವರಿಗೆ ಇದನ್ನು ಯಾರೂ ಹೇಳಿಲ್ಲ.

ಸಂಜೆ ನೀನು ಶಾಲೆಯಿಂದ ಬಂದ ಮೇಲೆ ನಾಡಿ ಎಣಿಸೋಣ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಡಬೇಕು. ಹೆಬ್ಬೆರಳು ಬೇಡ, ಅದರಲ್ಲೇ ಒಂದು ನಾಡಿ ಮಿಡಿಯುವುದರಿಂದ ಲೆಕ್ಕ ತಪ್ಪುತ್ತದೆ. ಸುಮ್ಮನೆ ಕುಳಿತಾಗ ನಿನ್ನದು ನಿಮಿಷಕ್ಕೆ 70ರಿಂದ 110ರ ನಡುವೆ ಇರುತ್ತದೆ. ಮೆಟ್ಟಿಲು ಹತ್ತಿ ಇಳಿದು ಮತ್ತೆ ಎಣಿಸು. ಗಡಿಯಾರ ನಾನು ಹಿಡಿದುಕೊಳ್ಳುತ್ತೇನೆ. ಅಲ್ಲಿಯವರೆಗೆ ಹಕ್ಕಳೆಯನ್ನು ಮುಟ್ಟಬೇಡ.

ಇಂತಿ ನಿನ್ನ
ಅಮ್ಮ