ನೆನೆದ ಟಿಕೆಟ್‌ಗಳು

ಹಳೆಯ ಸಂಗೀತ ಕಾರ್ಯಕ್ರಮಗಳ ಟಿಕೆಟ್‌ಗಳ ನನ್ನ ಹನ್ನೆರಡು ದಿನಗಳ ಪ್ರದರ್ಶನ ಕಳೆದ ಭಾನುವಾರ ಸಂಜೆ ಮುಗಿಯಿತು. ಚೌಕಟ್ಟುಗಳನ್ನೆಲ್ಲ ಗೋಡೆಯಿಂದ ಇಳಿಸಿ, ಹಳೆಯ ಬಟ್ಟೆಗಳಲ್ಲಿ ಸುತ್ತಿ ಮನೆಗೆ ತಂದಾಯಿತು. ಈ ಬಾರಿ ಪೆಟ್ಟಿಗೆಗಳು ನೆಲದ ಮೇಲಿಲ್ಲ, ಅಟ್ಟದಲ್ಲಿವೆ. ಎದುರು ಸಿಕ್ಕವರಿಗೆಲ್ಲ ಬಾಯಿಮಾತಿನಲ್ಲಿ ವಂದನೆ ಹೇಳಿದ್ದೇನೆ. ಆದರೆ ಇಷ್ಟು ಜನರ ಋಣವನ್ನು ಹೊಸಿಲಲ್ಲಿ ನಿಂತು ಎರಡು ಮಾತಿನಲ್ಲಿ ತೀರಿಸಿಬಿಡುವುದು ಸರಿ ಕಾಣಲಿಲ್ಲ.

ನಡೆದದ್ದು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಳೆದ ವರ್ಷ ನಾವು ನಾಲ್ಕು ದಿನ ಊರಿನಲ್ಲಿಲ್ಲದಾಗ ಮೇಲಿನ ಮನೆಯ ನೀರಿನ ಕೊಳವೆ ಒಡೆಯಿತು. ಹಿಂದಿರುಗಿ ಬಾಗಿಲು ತೆರೆದರೆ ಪಾದ ಮುಳುಗುವಷ್ಟು ನೀರು. ಮಂಚದ ಕೆಳಗಿನ ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ನಾನು ಹರೆಯದಿಂದ ಕೂಡಿಟ್ಟುಕೊಂಡು ಬಂದ ಸಂಗೀತ ಕಾರ್ಯಕ್ರಮಗಳ ಟಿಕೆಟ್‌ಗಳಿದ್ದವು, ಸುಮಾರು ಆರುನೂರು. ಹೆಚ್ಚಿನವು ಬಾಗಿಲಲ್ಲಿ ಹರಿದು ಕೊಟ್ಟ ಅರ್ಧ ಚೀಟಿಗಳು. ಎಲ್ಲವೂ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು.

ಮೊದಲ ವಂದನೆ ನನ್ನ ಸೋದರಳಿಯನಿಗೆ, ಅವನಿಗೆ ಮುಜುಗರವಾದರೂ ಪರವಾಗಿಲ್ಲ. ಸುದ್ದಿ ಕೇಳಿದ ಕೂಡಲೇ ಓಡಿಬಂದವನು ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ಬಂದಿದ್ದ. ಹಳೆಯ ದಪ್ಪ ಕಾಗದದ ಟಿಕೆಟ್‌ಗಳು ಬಿಸಿಗೆ ಚೆನ್ನಾಗಿಯೇ ಒಣಗಿದವು. ಆಮೇಲೆ ತೊಂಬತ್ತರ ದಶಕದ ನಂತರದವುಗಳ ಸರದಿ ಬಂತು. ಇಸ್ತ್ರಿ ತಾಗಿದ್ದೇ ತಡ, ಬಿಳಿಯ ಕಾಗದ ಕಣ್ಣೆದುರೇ ಕಾಡಿಗೆಯಂತೆ ಕಪ್ಪಾಯಿತು. ಅವು ಥರ್ಮಲ್ ಕಾಗದದವು. ಅದರಲ್ಲಿ ಶಾಯಿ ಇರುವುದಿಲ್ಲ, ಯಂತ್ರದ ಬಿಸಿಯಿಂದಲೇ ಅಕ್ಷರ ಮೂಡುತ್ತದೆ. ನಾವು ಕೊಟ್ಟ ಬಿಸಿಗೆ ಇಡೀ ಟಿಕೆಟ್ಟೇ ಒಂದು ದೊಡ್ಡ ಅಕ್ಷರವಾಗಿತ್ತು. ಹನ್ನೊಂದು ಟಿಕೆಟ್‌ಗಳು ಹೀಗೆ ಹೋದ ಮೇಲೆ ಅವನು ಇಸ್ತ್ರಿ ಆರಿಸಿ, ಏನೂ ಮಾತನಾಡದೆ ನೆಲ ಒರೆಸಲು ಹೋದ. ಆ ಹನ್ನೊಂದನ್ನೂ ಪ್ರದರ್ಶನದಲ್ಲಿ ಸಾಲಾಗಿ ತೂಗುಹಾಕಿದ್ದೆ. ಎಲ್ಲರೂ ಹೆಚ್ಚು ಹೊತ್ತು ನಿಂತದ್ದು ಅಲ್ಲಿಯೇ.

ಉಳಿದವನ್ನು ಉಳಿಸಿದವರು ಗ್ರಂಥಾಲಯವೊಂದರ ರಟ್ಟು ಕಟ್ಟುವ ವಿಭಾಗದಲ್ಲಿ ದುಡಿದು ನಿವೃತ್ತರಾದ ನಮ್ಮ ಹಿಂದಿನ ಬೀದಿಯ ಅಮ್ಮ. ಒದ್ದೆ ಕಾಗದ ಎರಡು ದಿನದಲ್ಲಿ ಬೂಸಲು ಹಿಡಿಯುತ್ತದೆ, ಅಷ್ಟರೊಳಗೆ ಒಣಗಿಸಲಾಗದಿದ್ದರೆ ಹೆಪ್ಪುಗಟ್ಟಿಸಿಡಬೇಕು ಎಂದು ಅವರೇ ಹೇಳಿದ್ದು. ನಮ್ಮ ಫ್ರಿಜ್‌ನಲ್ಲಿ ಜಾಗ ಸಾಲದೆ ಅಕ್ಕಪಕ್ಕದ ನಾಲ್ಕು ಮನೆಗಳ ಬಾಗಿಲು ತಟ್ಟಿದೆವು. ಯಾರೂ ಇಲ್ಲ ಎನ್ನಲಿಲ್ಲ. ಮೂರು ತಿಂಗಳು ಆ ಮನೆಗಳಲ್ಲಿ ಮಂಜುಗಡ್ಡೆಯ ತಟ್ಟೆಗಳ ಪಕ್ಕ ನನ್ನ ಟಿಕೆಟ್‌ಗಳು ಮಲಗಿದ್ದವು. ವಾರಕ್ಕೆ ಇಪ್ಪತ್ತೋ ಮೂವತ್ತೋ ಹೊರತೆಗೆದು, ಕರಗಿದ ಮೇಲೆ ಬಿಡಿಸಿ, ಒತ್ತು ಕಾಗದದ ನಡುವೆ ಇಟ್ಟು, ಮೇಲೆ ನಿಘಂಟು ಹೇರುತ್ತಿದ್ದೆವು.

ಹಾಗೆ ಬಿಡಿಸುವಾಗ ಹಿಂಬದಿಯಲ್ಲಿ ನಾನೇ ಪೆನ್ಸಿಲಿನಲ್ಲಿ ಬರೆದಿಟ್ಟ ಟಿಪ್ಪಣಿಗಳು ಕಂಡವು. ಪೆನ್ಸಿಲ್ ನೀರಿಗೆ ಜಗ್ಗುವುದಿಲ್ಲ. ದಿನಾಂಕ, ಸಾಲು, ಕುರ್ಚಿ, ಕೊನೆಗೆ ಟಿಕೆಟ್ ತಂದವರ ಹೆಸರು. ಅಕ್ಕ, ಭಾವ, ಚಿಕ್ಕಪ್ಪ, ಸಹೋದ್ಯೋಗಿಗಳು, ಸಾಲಿನಲ್ಲಿ ಸಿಕ್ಕ ಅಪರಿಚಿತರು. ‘ನಾನೇ’ ಎಂದು ಬರೆದಿದ್ದವು ಹತ್ತರಲ್ಲಿ ಒಂದೂ ಇರಲಿಲ್ಲ. ನನ್ನ ಸಂಗ್ರಹ ಎಂದು ಇಷ್ಟು ವರ್ಷ ಬೀಗಿದ್ದೆನಲ್ಲ! ಪ್ರದರ್ಶನಕ್ಕೆ ಕಲಾವಿದರ ಹೆಸರಿನ ಬದಲು ಟಿಕೆಟ್ ಕೊಂಡವರ ಹೆಸರಿನಲ್ಲಿ ಚೌಕಟ್ಟು ಹಾಕೋಣ ಎಂಬ ಯೋಚನೆ ಹುಟ್ಟಿದ್ದು ಅಲ್ಲಿಂದ.

ಅತಿ ಹೆಚ್ಚು ಚೌಕಟ್ಟುಗಳು ಅಕ್ಕನವು. ಪತ್ರಿಕೆಯ ಮೂಲೆಯಲ್ಲಿ ‘ಮುಂಗಡ ಟಿಕೆಟ್ ಮಾರಾಟ ಬೆಳಿಗ್ಗೆ ಎಂಟಕ್ಕೆ’ ಎಂದಿದ್ದರೆ ಅವಳು ನಸುಕಿನ ಮೂರಕ್ಕೆ ಅಲ್ಲಿರುತ್ತಿದ್ದಳು. ಸಾಲಿಗೆ ಅದರದೇ ಆಡಳಿತವಿತ್ತು. ಮೊದಲು ಬಂದವರಲ್ಲಿ ಯಾರಾದರೊಬ್ಬರು ನೋಟ್‌ಬುಕ್ ತೆಗೆದು ಹೆಸರು ಬರೆದುಕೊಳ್ಳುತ್ತಿದ್ದರು, ಗಂಟೆಗೊಮ್ಮೆ ಹಾಜರಿ ಕೂಗುತ್ತಿದ್ದರು. ಕೂಗಿದಾಗ ಇಲ್ಲದವರ ಹೆಸರಿಗೆ ಗೀಟು ಬೀಳುತ್ತಿತ್ತು. ಆ ನೋಟ್‌ಬುಕ್ಕಿಗೆ ಯಾರ ಮುದ್ರೆಯೂ ಇರಲಿಲ್ಲ, ಆದರೂ ಕಿಟಕಿ ತೆರೆದಾಗ ಅದರ ಕ್ರಮವನ್ನು ಯಾರೂ ಮೀರುತ್ತಿರಲಿಲ್ಲ. ಮೀರಲು ನೋಡಿದವರಿಗೆ ಅಕ್ಕನ ನಾಲಿಗೆಯೇ ಸಾಕಿತ್ತು ಎಂದು ಭಾವ ಹೇಳುತ್ತಾರೆ. ತಲೆಗೆ ನಾಲ್ಕು ಟಿಕೆಟ್ ಎಂಬ ಮಿತಿ ಇದ್ದರೆ ಅವಳು ನಾಲ್ಕನ್ನೂ ಕೊಳ್ಳುತ್ತಿದ್ದಳು. ಉಳಿದವರು ಯಾರೆಂದು ಆಮೇಲೆ ಯೋಚಿಸುತ್ತಿದ್ದಳು.

ಇದು ಬಹಳ ಹಳೆಯ ಚಟ. ಚಾರ್ಲ್ಸ್ ಡಿಕನ್ಸ್ 1867-68ರ ಚಳಿಗಾಲದಲ್ಲಿ ಅಮೆರಿಕದಲ್ಲಿ ಓದುವಿಕೆಯ ಪ್ರವಾಸ ಮಾಡಿದಾಗ ಜನರು ಹಾಸಿಗೆ, ಕಂಬಳಿ ತಂದು ಬೀದಿಯಲ್ಲಿಯೇ ರಾತ್ರಿ ಕಳೆದಿದ್ದರು. ಅಲ್ಲಿ ಸಂಗೀತವೂ ಇರಲಿಲ್ಲ, ಒಬ್ಬ ಲೇಖಕ ತನ್ನ ಕಥೆಗಳನ್ನು ಓದುವುದಷ್ಟೇ. ಲಂಡನ್ನಿನಲ್ಲಿ 1895ರ ಆಗಸ್ಟ್ 10ರಂದು ಕ್ವೀನ್ಸ್ ಹಾಲ್‌ನಲ್ಲಿ ಆರಂಭವಾದ ಪ್ರೊಮೆನೇಡ್ ಕಛೇರಿಗಳಲ್ಲಿ ನಿಂತು ಕೇಳುವವರಿಗೆ ಅಗ್ಗದ ಟಿಕೆಟ್ ಇತ್ತು. 1941ರಲ್ಲಿ ಅವು ರಾಯಲ್ ಆಲ್ಬರ್ಟ್ ಹಾಲ್‌ಗೆ ಬಂದವು, ನಿಲ್ಲುವವರ ಸಾಲು ಕೂಡ ಹಿಂದೆಯೇ ಬಂತು. ವಿಯೆನ್ನಾದಲ್ಲಿ ಓದಿದ್ದ ಒಬ್ಬರು ಒಂದು ಕೊರಳ ವಸ್ತ್ರವನ್ನು ಪ್ರದರ್ಶನಕ್ಕೆ ಕಳುಹಿಸಿದ್ದರು. ಅಲ್ಲಿನ ಸ್ಟೇಟ್ ಆಪೆರಾದಲ್ಲಿ ನಿಲ್ಲುವ ಜಾಗದ ಟಿಕೆಟ್ ಕೊಂಡವರು ಕಟಕಟೆಗೆ ವಸ್ತ್ರವೊಂದನ್ನು ಕಟ್ಟಿಬಿಟ್ಟರೆ ಸಾಕು, ಆ ಜಾಗ ಅವರದು. ಹೊರಗೆ ಹೋಗಿ ತಿಂಡಿ ತಿಂದು ಬರಬಹುದು. ಅದನ್ನು ಗಾಜಿನೊಳಗೆ ಇಡದೆ, ಒಂದು ಕಂಬಿಗೆ ಕಟ್ಟಿಯೇ ತೋರಿಸಿದೆವು.

ಎರಡನೆಯ ದಿನ ಬಂದ ಒಬ್ಬ ಹಿರಿಯರಿಗೆ ವಿಶೇಷ ವಂದನೆ. ಟಿಕೆಟ್ ಕಿಟಕಿಯ ಒಳಬದಿಯಲ್ಲಿ ಇಪ್ಪತ್ತಾರು ವರ್ಷ ಕುಳಿತವರು. ನನ್ನ ವಿವರಣೆಯ ಚೀಟಿಗಳನ್ನು ಓದಿ, ‘ಇದೆಲ್ಲ ಹೊರಗೆ ನಿಂತವರ ಮಾತಾಯಿತು’ ಎಂದು ನಕ್ಕು, ಒಳಗಿನ ಲೆಕ್ಕ ಹೇಳಿಕೊಟ್ಟರು. ಪ್ರತಿ ಕಾರ್ಯಕ್ರಮಕ್ಕೂ ಪ್ರತಿ ಕುರ್ಚಿಗೂ ಒಂದೇ ಒಂದು ಟಿಕೆಟ್ ಮುದ್ರಣಾಲಯದಿಂದ ಬರುತ್ತಿತ್ತು. ಬಂದ ಕೂಡಲೇ ಎಣಿಸಿ, ಸಾಲಿನ ಪ್ರಕಾರ ಗೋಡೆಯ ಗೂಡುಗಳಲ್ಲಿ ಇಡಬೇಕು. ದಿನಕ್ಕೊಂದು ಬಣ್ಣ, ನಿನ್ನೆಯದು ಇಂದು ನುಸುಳದಂತೆ. ಮಾರಿದ ಕುರ್ಚಿಯನ್ನು ಸಭಾಂಗಣದ ನಕ್ಷೆಯಲ್ಲಿ ಪೆನ್ಸಿಲಿನಿಂದ ಹೊಡೆದುಹಾಕಬೇಕು. ರಾತ್ರಿ ಮಾರಾಟದ ಹಣ, ಬಾಗಿಲಲ್ಲಿ ಹರಿದ ತುಂಡುಗಳು, ಉಳಿದ ಟಿಕೆಟ್‌ಗಳು ಈ ಮೂರರ ಲೆಕ್ಕ ಕೂಡಿಬರಬೇಕು. ಕೂಡಿಬರದ ರಾತ್ರಿ ಮನೆಗೆ ಹೋಗುವಂತಿರಲಿಲ್ಲ. ‘ಕುರ್ಚಿ ಎಂದರೆ ಕಾಗದವೇ. ಗೂಡು ಖಾಲಿಯಾದರೆ ಕುರ್ಚಿ ಹೋಯಿತು, ಇನ್ನೊಂದು ಮುದ್ರಣವಾಗಿಬಿಟ್ಟರೆ ಒಂದೇ ಕುರ್ಚಿಗೆ ಇಬ್ಬರು’ ಎಂದರು.

ಆ ಎರಡನೆಯ ಭಯ ಉತ್ಪ್ರೇಕ್ಷೆಯಲ್ಲ. 1952ರ ಮಾರ್ಚ್ 21ರಂದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ‘ಮೂನ್‌ಡಾಗ್ ಕಾರೊನೇಷನ್ ಬಾಲ್’ ಅನ್ನು ಮೊದಲ ರಾಕ್ ಅಂಡ್ ರೋಲ್ ಕಛೇರಿ ಎಂದು ಹಲವರು ಕರೆಯುತ್ತಾರೆ. ಹತ್ತು ಸಾವಿರ ಜನ ಹಿಡಿಯುವ ಜಾಗಕ್ಕೆ ಅದರ ದುಪ್ಪಟ್ಟು ಜನ ಬಂದು, ಬಾಗಿಲು ಮುರಿದು, ಶುರುವಾದ ಸ್ವಲ್ಪ ಹೊತ್ತಿನಲ್ಲಿಯೇ ಅದು ನಿಂತುಹೋಯಿತು. ಹೆಚ್ಚುವರಿಯಾಗಿ ಅಚ್ಚಾದ ಟಿಕೆಟ್‌ಗಳೂ ಅದಕ್ಕೆ ಕಾರಣವಾಗಿದ್ದವು.

ಚಿಕ್ಕಪ್ಪನದು ಅಂಚೆಯ ದಾರಿ. ಪತ್ರ, ಮನಿಆರ್ಡರ್, ಸ್ವಂತ ವಿಳಾಸ ಬರೆದು ಸ್ಟಾಂಪು ಹಚ್ಚಿದ ಮರುಲಕೋಟೆ. ಆಮೇಲೆ ವಾರಗಟ್ಟಲೆ ಕಾಯುವುದು. ಬಂದ ಲಕೋಟೆ ತೆಳ್ಳಗಿದೆಯೋ ದಪ್ಪಗಿದೆಯೋ ಎಂದು ಬೆರಳಿನಲ್ಲಿ ಒತ್ತಿ ನೋಡಿದರೆ ಗೊತ್ತಾಗುತ್ತಿತ್ತು, ಒಳಗಿರುವುದು ಟಿಕೆಟ್ಟೋ ಕ್ಷಮಾಪಣೆಯೋ ಎಂದು. ಈ ದಾರಿಯನ್ನು ಹಬ್ಬ ಮಾಡಿದವರು ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ಸಂಗೀತ ತಂಡದವರು. 1983ರಲ್ಲಿ ಅವರು ಅಂಚೆಯ ಮೂಲಕ ತಾವೇ ಟಿಕೆಟ್ ಮಾರತೊಡಗಿದರು. ಮೂರು ಇಂಚು ಅಗಲ, ಐದು ಇಂಚು ಉದ್ದದ ಕಾರ್ಡಿನಲ್ಲಿ ಬೇಡಿಕೆ ಬರೆದು ಮನಿಆರ್ಡರ್ ಜೊತೆ ಕಳುಹಿಸಬೇಕಿತ್ತು. ಗುಡ್ಡೆಯಲ್ಲಿ ತಮ್ಮದು ಕಣ್ಣಿಗೆ ಬೀಳಲಿ ಎಂದು ಅಭಿಮಾನಿಗಳು ಲಕೋಟೆಯ ಮೇಲೆಲ್ಲ ಗುಲಾಬಿ, ತಲೆಬುರುಡೆ ಬಿಡಿಸುತ್ತಿದ್ದರು. ಆ ಲಕೋಟೆಗಳು ಈಗ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್‌ನ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಚಿಕ್ಕಪ್ಪನಿಗೆ ಚಿತ್ರ ಬರುತ್ತಿರಲಿಲ್ಲ. ಅಚ್ಚುಕಟ್ಟಾದ ಅಕ್ಷರವನ್ನೇ ನಂಬಿದ್ದರು. ಎಂಟು ಸಲ ಬರೆದು ಐದು ಸಲ ಟಿಕೆಟ್ ಪಡೆದಿದ್ದಾರೆ.

ಭಾವ ಫೋನಿನವರು. ಮಾರಾಟ ಶುರುವಾಗುವ ಕ್ಷಣದಿಂದ ಅವರ ಕಚೇರಿಯ ಮೂರು ಮೇಜುಗಳ ಫೋನುಗಳು ಒಂದೇ ಸಂಖ್ಯೆಯನ್ನು ತಿರುಗಿಸುತ್ತಿದ್ದವು. ಆಗಿನದು ಬೆರಳು ತೂರಿಸಿ ತಿರುಗಿಸುವ ಫೋನು, ಒಂಬತ್ತು ಇದ್ದರೆ ಚಕ್ರ ಹಿಂದಿರುಗುವವರೆಗೆ ಉಸಿರು ಬಿಗಿಹಿಡಿದು ಕಾಯಬೇಕು. ಎಂಗೇಜ್ ಸದ್ದಿನ ಆ ತಾಳ ಈಗಲೂ ಅವರ ಕಿವಿಯಲ್ಲಿದೆಯಂತೆ. ಆ ಮೂರು ಮೇಜುಗಳವರಿಗೂ, ಕಂಡೂ ಕಾಣದಂತಿದ್ದ ಅವರ ಮೇಲಧಿಕಾರಿಗೂ ವಂದನೆ.

ಕಂಪ್ಯೂಟರ್ ಬಂದದ್ದು ಇಂಟರ್ನೆಟ್‌ಗಿಂತ ಬಹಳ ಮೊದಲೇ, ಇದು ಪ್ರದರ್ಶನಕ್ಕೆ ಬಂದ ಹುಡುಗರಿಗೆ ಅಚ್ಚರಿಯಾಗಿ ಕಂಡಿತು. ಅಮೆರಿಕದಲ್ಲಿ ಟಿಕೆಟ್ರಾನ್ ಎಂಬ ಟಿಕೆಟ್ ಮಾರುವ ಕಂಪನಿ ಅರವತ್ತರ ದಶಕದಲ್ಲಿಯೇ ದೊಡ್ಡ ಅಂಗಡಿಗಳೊಳಗೆ ಟರ್ಮಿನಲ್, ಅಂದರೆ ದೂರದ ಕಂಪ್ಯೂಟರಿಗೆ ಜೋಡಿಸಿದ ಯಂತ್ರ, ಇಟ್ಟಿತ್ತು. 1976ರಲ್ಲಿ ಅರಿಜೋನಾದಲ್ಲಿ ಹುಟ್ಟಿದ ಟಿಕೆಟ್‌ಮಾಸ್ಟರ್ 1991ರಲ್ಲಿ ಅದನ್ನು ಕೊಂಡಿತು. ಸಾಲು ಸಭಾಂಗಣದಿಂದ ಕ್ಯಾಸೆಟ್ ಅಂಗಡಿಗೆ ವರ್ಗವಾಯಿತು, ಅಷ್ಟೆ.

ಆ ಕಾಲ ಬಹಳ ಚೆನ್ನಾಗಿತ್ತು ಎಂದು ಹೇಳಿಸಲು ಒಬ್ಬ ತರುಣ ತುಂಬ ಪ್ರಯತ್ನಿಸಿದ. ಹೇಳಲಿಲ್ಲ. ದುಡ್ಡಿದ್ದವರು ಆಗಲೂ ಮುಂದಿದ್ದರು. 1850ರ ಸೆಪ್ಟೆಂಬರ್‌ನಲ್ಲಿ ಗಾಯಕಿ ಜೆನ್ನಿ ಲಿಂಡ್ ಅವರ ನ್ಯೂಯಾರ್ಕ್ ಕಛೇರಿಯ ಮೊದಲ ಟಿಕೆಟ್ ಹರಾಜಾದದ್ದು 225 ಡಾಲರಿಗೆ. ಕೊಂಡವನು ಜಾನ್ ಜೆನಿನ್ ಎಂಬ ಟೋಪಿ ವ್ಯಾಪಾರಿ. ಆ ಸುದ್ದಿಯಿಂದ ಅವನ ಟೋಪಿಗಳಿಗೆ ಒಳ್ಳೆಯ ಪ್ರಚಾರ ಸಿಕ್ಕಿತು. ಕುರ್ಚಿಯ ಸಂಖ್ಯೆಯಿಲ್ಲದ, ಮೊದಲು ಓಡಿದವರಿಗೆ ಮುಂದಿನ ಜಾಗ ಎಂಬ ಟಿಕೆಟ್‌ಗಳು ಜೀವವನ್ನೂ ತೆಗೆದಿವೆ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ‘ದಿ ಹೂ’ ಎಂಬ ರಾಕ್ ತಂಡದ ಕಛೇರಿಯ ಬಾಗಿಲಲ್ಲಿ ನೂಕುನುಗ್ಗಲಿಗೆ ಹನ್ನೊಂದು ಜನ ಸತ್ತರು. ಆ ಮೂಲೆಯ ಗೋಡೆಯಲ್ಲಿ ನಾವು ಟಿಕೆಟ್ ಹಾಕಲಿಲ್ಲ, ದಿನಾಂಕ ಮಾತ್ರ ಬರೆದೆವು.

ನಾನೂ ಒಮ್ಮೆ ಕಾಳಸಂತೆಯವನಿಂದ ಖೋಟಾ ಟಿಕೆಟ್ ಕೊಂಡಿದ್ದೆ. ಬಾಗಿಲಿನವರು ಅದನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಮುಖ ನೋಡಿ, ಹರಿಯದೆ ಹಿಂದಿರುಗಿಸಿ, ‘ಎಲ್ಲರೂ ಒಳಗೆ ಹೋದ ಮೇಲೆ ಬಂದು ಹಿಂದೆ ನಿಂತುಕೊಳ್ಳಿ’ ಎಂದಿದ್ದರು. ಹೆಸರು ಕೇಳಲು ತೋಚಲಿಲ್ಲ. ಆ ಚೌಕಟ್ಟಿನಲ್ಲಿ ‘ಬಾಗಿಲಿನವರು’ ಎಂದಷ್ಟೇ ಬರೆದಿದ್ದೇನೆ.

ಹರಿಯದ ಇನ್ನೊಂದು ಟಿಕೆಟ್ ಅಕ್ಕನದು. ರಾತ್ರಿಯಿಡೀ ನಿಂತು ನಾಲ್ಕು ಟಿಕೆಟ್ ತಂದವಳಿಗೆ ಕಛೇರಿಯ ದಿನ ಜ್ವರ. ಈಗಿನಂತೆ ಕೊನೆಯ ಗಳಿಗೆಯಲ್ಲಿ ಇನ್ನೊಬ್ಬರ ಮೊಬೈಲಿಗೆ ದಾಟಿಸುವಂತಿರಲಿಲ್ಲ. ನಾವು ಮೂವರು ಹೋದೆವು, ಅವಳ ಕುರ್ಚಿಯ ಮೇಲೆ ನಮ್ಮ ಚೀಲಗಳನ್ನು ಇಟ್ಟುಕೊಂಡೆವು. ಕೊನೆಯ ದಿನ ಪ್ರದರ್ಶನಕ್ಕೆ ಬಂದವಳು ಅದರ ಮುಂದೆ ನಿಂತು, ‘ಚೀಲ ಇಟ್ಟಿದ್ದನ್ನೂ ಬರೆದಿದ್ದೀಯಾ?’ ಎಂದು ಕೇಳಿದಳು. ಬರೆದಿರಲಿಲ್ಲ, ಅಲ್ಲಿಯೇ ಪೆನ್ಸಿಲ್ ತೆಗೆದು ಸೇರಿಸಿದೆ.

ನೀರು ನುಗ್ಗಿದ ಸುದ್ದಿ ತಿಳಿದು ತಮ್ಮ ಟಿಕೆಟ್‌ಗಳನ್ನು ಕೊಟ್ಟವರು ನಲವತ್ತಮೂರು ಜನ. ಅವುಗಳಲ್ಲಿ ಏಳು, ಕಳುಹಿಸಿದವರ ವಿಳಾಸವಿಲ್ಲದೆ ಅಂಚೆಯಲ್ಲಿ ಬಂದವು. ನಿಮ್ಮವಾಗಿದ್ದರೆ ಸಾಲು, ಕುರ್ಚಿಯ ಸಂಖ್ಯೆ ಹೇಳಿ ಒಯ್ಯಬಹುದು. ಫ್ರಿಜ್‌ಗಳೆಲ್ಲ ಅವರವರಿಗೆ ತೆರವಾಗಿವೆ. ಇಸ್ತ್ರಿ ಪೆಟ್ಟಿಗೆಯನ್ನೂ ಸೋದರಳಿಯನಿಗೆ ಹಿಂದಿರುಗಿಸಿದ್ದೇನೆ.