ಎಚ್‌ಆರ್‌ವಿ ರೆಕಾರ್ಡಿಂಗ್: ರಾತ್ರಿ ಪಾಳಿಯವರ ಗಮನಕ್ಕೆ

ವಿಜಯಪುರದ ಐಸಿಯು ಬಳಗಕ್ಕೆ ನಮಸ್ಕಾರ್ರಿ. ಎಚ್‌ಆರ್‌ವಿ ಅಂದರೆ ಒಂದು ಹೃದಯ ಬಡಿತದಿಂದ ಇನ್ನೊಂದಕ್ಕೆ ಇರುವ ಅಂತರದ ಏರಿಳಿತ. ಅದಕ್ಕೆಂದು ತೆಗೆದ ನಿನ್ನೆಯ ಎರಡು ರೆಕಾರ್ಡಿಂಗ್ ಕೈಬಿಡಬೇಕಾಯಿತು. ಒಂದರಲ್ಲಿ ಬೆವರಿಗೆ ಎಲೆಕ್ಟ್ರೋಡ್ ಅರ್ಧ ಎದ್ದಿತ್ತು, ಇನ್ನೊಂದರಲ್ಲಿ ನಡುವೆಯೇ ಸಕ್ಷನ್ (ಕೊಳವೆಯಿಂದ ಕಫ ಎಳೆಯುವುದು) ಮಾಡಿದ್ದರು. ನಮ್ಮೂರ ಬೇಸಿಗೆ ಗೊತ್ತಲ್ಲ, ಎದೆ ಒರೆಸಿ, ಒಣಗಿದ ಮೇಲೆಯೇ ಹೊಸದನ್ನು ಅಂಟಿಸಿ. ಸಕ್ಷನ್, ಮಗ್ಗುಲು ಬದಲಿಸುವುದು ಎಲ್ಲ ಮುಗಿದು ರೋಗಿ ಶಾಂತವಾದ ಮೇಲೆ 5 ನಿಮಿಷದ ಇಸಿಜಿ ತೆಗೆಯಿರಿ. 1996ರ ಯುರೋಪ್–ಅಮೆರಿಕ ಜಂಟಿ ಮಾರ್ಗಸೂಚಿಯಲ್ಲೂ ಅಲ್ಪಾವಧಿ ಅಳತೆಗೆ ಇದೇ ಸಮಯ.

ಬೆರಳಿನ ಪಲ್ಸ್ ಆಕ್ಸಿಮೀಟರ್ ಬೇಡ. ಇಸಿಜಿಯಲ್ಲಿ ಪ್ರತಿ ಬಡಿತಕ್ಕೂ ಕಾಣುವ ಚೂಪಾದ ಆರ್ ತುದಿಯಿಂದ ಮುಂದಿನದರವರೆಗಿನ ಮಿಲಿಸೆಕೆಂಡ್ ಲೆಕ್ಕ ನಮಗೆ ಬೇಕು, ಕೈ ತಣ್ಣಗಾದರೆ ಬೆರಳಿನ ಅಳತೆ ಕೆಡುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಅಡ್ಡಾದಿಡ್ಡಿ ಬಡಿತ) ಇದ್ದವರನ್ನು ಬಿಡಿ.

ವೆಂಟಿಲೇಟರ್ ದರ, ನಾರ್‌ಅಡ್ರಿನಲಿನ್ (ರಕ್ತದೊತ್ತಡ ಏರಿಸುವ ಔಷಧಿ), ಸೆಡೇಶನ್ (ಮಂಪರಿನ ಔಷಧಿ), ಬೀಟಾ ಬ್ಲಾಕರ್ (ಬಡಿತ ತಗ್ಗಿಸುವ ಔಷಧಿ) ತಪ್ಪದೆ ಬರೆಯಿರಿ. ಇಲ್ಲದಿದ್ದರೆ ಎಸ್‌ಡಿಎನ್‌ಎನ್ (ಆ ಏರಿಳಿತದ ಅಳತೆ) ಕುಸಿದದ್ದು ಸೆಪ್ಸಿಸ್‌ನಿಂದಲೋ (ಸೋಂಕಿನಿಂದ ಅಂಗಾಂಗಗಳೇ ಕೆಡುವ ಸ್ಥಿತಿ) ಔಷಧಿಯಿಂದಲೋ ತಿಳಿಯುವುದೇ ಇಲ್ಲ.