ಎಣ್ಣೆಯ ಪ್ರಶ್ನೆ ಕೇಳಿದವರಿಗೆ

ನಿನ್ನೆ ನನ್ನ ಪಿಎಚ್‌ಡಿ ಮೌಖಿಕ ಪರೀಕ್ಷೆ ಮುಗಿಯಿತು. ಶುಭ ಹಾರೈಸಿದ ಎಲ್ಲರಿಗೂ ಒಬ್ಬೊಬ್ಬರಿಗಾಗಿ ಉತ್ತರಿಸಲು ಆಗಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಆದರೆ ಕೆಲವರ ಋಣವನ್ನು ನಾಲ್ಕು ಜನರ ಮುಂದೆಯೇ ಹೇಳಬೇಕು.

ಫಿಟ್ಸ್‌ಗೆ ಕೊಡುವ ವಾಲ್‌ಪ್ರೋಯೇಟ್ ಔಷಧದ ಪ್ರಮಾಣ ತಗ್ಗಿಸಿ, ಜೊತೆಗೆ ವಿಟಮಿನ್ ಇ ಸೇರಿಸಿದರೆ ಇಲಿಗಳಲ್ಲಿ ಸೆಳವು ಕಡಿಮೆಯಾಗುತ್ತದೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಸೆಳವು ಬಂದಾಗ ಮಿದುಳಿನಲ್ಲಿ ಹಾನಿ ಮಾಡುವ ಚುರುಕು ಅಣುಗಳಾದ ಫ್ರೀ ರ‍್ಯಾಡಿಕಲ್‌ಗಳು ಹೆಚ್ಚಿ ಜೀವಕೋಶದ ಪೊರೆಯ ಕೊಬ್ಬನ್ನು ಕೆಡಿಸುತ್ತವೆ. ಆ ಕೊಬ್ಬಿಗೆ ಕಾವಲು ನಿಲ್ಲುವುದು ವಿಟಮಿನ್ ಇ. ವಾಲ್‌ಪ್ರೋಯೇಟ್ ಯಕೃತ್ತಿಗೆ ಪೆಟ್ಟು ಕೊಡಬಲ್ಲದು. ಕಡಿಮೆಯಲ್ಲೇ ಕೆಲಸ ಆಗುವುದಾದರೆ ಎಷ್ಟು ಒಳ್ಳೆಯದು ಎನ್ನುವ ಆಸೆ.

ಎರಡನೇ ವರ್ಷದ ಸೆಮಿನಾರಿನಲ್ಲಿ ಗ್ರಾಫ್‌ಗಳು ಚೆನ್ನಾಗಿಯೇ ಇದ್ದವು. ಹಿಂದಿನ ಸಾಲಿನಿಂದ ಹಿರಿಯ ಸಹಪಾಠಿಯೊಬ್ಬರು ಕೇಳಿದರು: "ಕಂಟ್ರೋಲ್ ಗುಂಪಿಗೂ ಎಣ್ಣೆ ಕೊಟ್ಟಿದ್ದೀಯಾ?" ವಿಟಮಿನ್ ಇ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಬೆರೆಸಿಯೇ ಕೊಟ್ಟಿದ್ದೆ. ಹೋಲಿಕೆಗೆಂದು ಇಟ್ಟ ಕಂಟ್ರೋಲ್ ಗುಂಪಿಗೆ ಮಾತ್ರ ಬರೀ ಸಲೈನ್, ಅಂದರೆ ಉಪ್ಪುನೀರು. ಕೊಬ್ಬೇ ಪ್ರಧಾನವಾದ ಕೀಟೋಜೆನಿಕ್ ಆಹಾರವನ್ನು ಫಿಟ್ಸ್‌ಗೆ ಸೂಚಿಸಿದ್ದೇ 1921ರಲ್ಲಿ. ಹಾಗಿರುವಾಗ ಸೆಳವು ತಗ್ಗಿಸಿದ್ದು ವಿಟಮಿನ್ನೋ ಎಣ್ಣೆಯೋ ಎಂದು ಹೇಳುವುದು ಹೇಗೆ? ಎಣ್ಣೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇದ್ದೆನಲ್ಲ! ಎಂಟು ತಿಂಗಳ ಕೆಲಸ ಅಲ್ಲಿಗೆ ಬಿದ್ದುಹೋಯಿತು. ಅದಕ್ಕಿಂತ ಸಂಕಟವಾಗಿದ್ದು ಆ ಇಲಿಗಳ ಜೀವ ಸುಮ್ಮನೆ ಹೋಯಿತಲ್ಲ ಎಂದು. ಇವತ್ತಿಗೂ ಆ ಸಂಕಟ ಹೋಗಿಲ್ಲ.

ಆ ಪ್ರಶ್ನೆ ಕೇಳಿದವರೇ ಮರುದಿನ ಬಂದು ನನ್ನ ಪಕ್ಕ ಕೂತು ಹೊಸ ಯೋಜನೆ ಬರೆಸಿದರು. ಕಡಿಮೆ ಇಲಿಗಳಲ್ಲೇ ಮುಗಿಸುವುದು ಹೇಗೆಂದು ಮೂರು ಸಲ ಲೆಕ್ಕ ಹಾಕಿಸಿದರು. ಅಕ್ಕಾ, ನಿಮಗೆ ನನ್ನ ಮೊದಲ ನಮಸ್ಕಾರ.

ಪ್ರಾಣಿಗೃಹ ನೋಡಿಕೊಳ್ಳುವ ಅಣ್ಣನಿಗೆ ಏನು ಹೇಳಲಿ? ಇಲಿಗಳಿಗೆ ಸೆಳವು ಬರಿಸುವ ಪೆಂಟಿಲೀನ್‌ಟೆಟ್ರಜೋಲ್ ಚುಚ್ಚುಮದ್ದು ದಿನ ಬಿಟ್ಟು ದಿನ ಕೊಡಬೇಕು, ಅದಕ್ಕೆ ಭಾನುವಾರ ಗೊತ್ತಿಲ್ಲ. ಯಾವ ಬಾಟಲಿಯಲ್ಲಿ ಏನಿದೆ ಎಂಬ ಗುಟ್ಟು ಅವರ ಹತ್ತಿರ ಮಾತ್ರ, ನನ್ನ ಆಸೆ ಎಣಿಕೆಯನ್ನು ತಿರುಚದಿರಲೆಂದು ನನಗೆ ಬರೀ ನಂಬರು. ಚುಚ್ಚಿದ ಮೇಲೆ ಅರ್ಧ ಗಂಟೆ ಕಣ್ಣು ಕೀಳದೆ ಕೂರಬೇಕು. ಮೊದಲು ಮುಖ ಅದುರುತ್ತದೆ, ಆಮೇಲೆ ತಲೆ ತೂಗುತ್ತದೆ, ಮುಂಗಾಲು ನಡುಗುತ್ತವೆ, ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ, ಕೊನೆಗೆ ಬೀಳುತ್ತದೆ. ಸೆಳವಿನ ತೀವ್ರತೆ ಅಳೆಯುವ ರಸೀನ್ ಮಾಪಕದ ಈ ಐದು ಹಂತಗಳನ್ನು ನಾನು ಓದಿ ಕಲಿತೆ, ಅವರು ಇಲಿ ನೋಡಿಯೇ ಕಲಿತಿದ್ದರು. "ಇದು ಇವತ್ತು ಹಿಂಗಾಲ ಮೇಲೆ ಏಳಲ್ಲ, ನೋಡಿ" ಎಂದರೆ ನಿಜಕ್ಕೂ ಏಳುತ್ತಿರಲಿಲ್ಲ.

ಎಣ್ಣೆಯ ಗುಂಪನ್ನೂ ಸೇರಿಸಿ ಮತ್ತೆ ಮಾಡಿದಾಗ ಪರಿಣಾಮ ಮೊದಲಿನಷ್ಟು ದೊಡ್ಡದಾಗಿ ಕಾಣಲಿಲ್ಲ. ಆದರೆ ಕಂಡಿತು, ಈ ಸಲ ಅದು ನಂಬುವಂಥದ್ದು.

ಫಿಟ್ಸ್ ಇರುವ ಮಕ್ಕಳ ತಾಯಂದಿರು ಕೆಲವರು "ಹಾಗಾದರೆ ವಿಟಮಿನ್ ಮಾತ್ರೆ ಶುರು ಮಾಡಲೇ, ಔಷಧಿ ಕಡಿಮೆ ಮಾಡಲೇ" ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಇದು ಇಲಿಗಳಲ್ಲಿ ಕಂಡದ್ದು. ಔಷಧಿ ಏಕಾಏಕಿ ಇಳಿಸಿದರೆ ಸೆಳವು ಇನ್ನೂ ಜೋರಾಗಿ ಬರಬಹುದು. ಡಾಕ್ಟರನ್ನು ಕೇಳದೆ ಏನನ್ನೂ ಬದಲಿಸಬೇಡಿ. ಆದರೂ ನೀವು ಕೇಳಿದ್ದು ನನಗೆ ಬಲ ಕೊಟ್ಟಿತು, ನಿಮಗೂ ಕೃತಜ್ಞ.

ನಾಳೆ ಬೆಳಿಗ್ಗೆ ಪ್ರಬಂಧದ ಒಂದು ಪ್ರತಿಯನ್ನು ಪ್ರಾಣಿಗೃಹಕ್ಕೆ ಕೊಟ್ಟು ಬರುತ್ತೇನೆ. ಮೊದಲ ಪುಟದಲ್ಲಿ ಅಣ್ಣನ ಹೆಸರಿದೆ, ಅವರಿಗಿನ್ನೂ ಗೊತ್ತಿಲ್ಲ.